ಉಪ್ಪಿನ ದೀಪ

ಲೋಟ ಇವತ್ತೂ ಬೆಳ್ಳಗೇ ಇತ್ತು. ಗಾಜಿನ ಲೋಟವೆಂದರೆ ಇದೆಯೋ ಇಲ್ಲವೋ ಅನ್ನಿಸುವಂತಿರಬೇಕು. ಇದು ಅಂಚಿನಿಂದ ತಳದವರೆಗೆ ಬೂದಿ ಬಳಿದುಕೊಂಡ ಹಾಗಿತ್ತು. ಅವಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಉಗುರಿನಿಂದ ಕೆರೆದಳು. ಸಣ್ಣದೊಂದು ಗೆರೆ ಮೂಡಿತು, ಉಗುರಿನ ಸಂದಿಯಲ್ಲಿ ಸುಣ್ಣದ ಪುಡಿ ಕೂತಿತು. ಅಡಿಗೆಮನೆಯ ಕಟ್ಟೆಯ ಕೆಳಗೆ ಪಾತ್ರೆ ತೊಳೆಯುವ ಮಷೀನು ಬಾಗಿಲು ಅರ್ಧ ತೆರೆದುಕೊಂಡು, ಹೊಟ್ಟೆಯಲ್ಲಿ ಬೂದು ನೀರು ನಿಲ್ಲಿಸಿಕೊಂಡು, ಅಜೀರ್ಣವಾದವರ ಹಾಗೆ ನಿಂತಿತ್ತು. ನಿನ್ನೆ ಸಂಜೆ ಅರ್ಧ ಕೆಲಸ ಮಾಡಿ, ಒಂದು ಥರ ನರಳಿ, ನಿಂತೇಹೋಗಿತ್ತು. ಅದರೊಳಗಿನಿಂದ ಎತ್ತಿ ಹಾಕಿದ ತಟ್ಟೆ, ಚಮಚ, ಬಾಣಲೆಗಳು ಸಿಂಕಿನಲ್ಲಿ ಒಂದರ ಮೇಲೊಂದು ಕೂತಿದ್ದವು. ಯಾರಾದರೂ ಕೇಳಿದರೆ ನಗುತ್ತಾರೆ. ಒಂದು ಲೋಟ ಬೆಳ್ಳಗಿದೆ ಅಂತ ಇಷ್ಟು ಸಿಟ್ಟು ಬರುವುದುಂಟೆ? ಬೆಳಗಾಗೆದ್ದು ಮೈಯೆಲ್ಲ ಉರಿಯುವುದುಂಟೆ? ಆದರೆ ಉರಿಯುತ್ತಿದ್ದದ್ದು ಮೈಯಲ್ಲ, ಕೈ. ಎರಡೂ ಕೈಯ ಬೆರಳುಗಳು ಗಂಟುಗಂಟಿನಲ್ಲಿ ಸೀಳಿದ್ದವು. ನೀರು ಬಿದ್ದ ಕೂಡಲೇ ಸೀಳಿನ ಒಳಗಿನ ಕೆಂಪು ಎಚ್ಚರವಾಗುತ್ತಿತ್ತು. ಚರ್ಮದ ಡಾಕ್ಟರು ಹೇಳಿದ್ದರು, ಇದಕ್ಕೆ ಮುಲಾಮು ಎರಡನೆಯ ಮಾತು, ಮೊದಲನೆಯದು ಸೋಪಿನ ನೀರಿನಿಂದ ಕೈ ಹೊರಗಿರಬೇಕು ಅಂತ. ರಬ್ಬರು ಕೈಗವಸು ಹಾಕಿಕೊಂಡು ನೋಡಿದ್ದಳು. ಒಳಗೆ ಬೆವರಿ ಇನ್ನೂ ಹೆಚ್ಚಾಗಿತ್ತು. ಮನೆಯಲ್ಲೂ ನೀರು, ಕೆಲಸದಲ್ಲೂ ಕೈಗವಸು, ಎರಡರಲ್ಲಿ ಒಂದನ್ನು ಬಿಡಿ ಅಂದಿದ್ದರು ಡಾಕ್ಟರು. ಕೆಲಸ ಬಿಡುವುದು ಅವಳ ಮನಸ್ಸಿನಲ್ಲೇ ಇರಲಿಲ್ಲ. ಅದಕ್ಕೇ ತನ್ನ ದುಡಿಮೆಯಲ್ಲಿ ಈ ಮಷೀನು ತಂದಿದ್ದಳು.

ತಂದ ದಿನ ಅತ್ತೆ ಅದರ ಸುತ್ತ ಒಂದು ಸುತ್ತು ಬಂದು, ಓಹೋ, ಪಾತ್ರೆಗಳಿಗೂ ಬಚ್ಚಲುಮನೆ ಬಂತು ಅಂದಿದ್ದರು. ಅವತ್ತಿನಿಂದ ಅದಕ್ಕೆ ಮಹಾರಾಣಿ ಅಂತ ಹೆಸರು. ಮಹಾರಾಣಿಗೆ ಹೊಟ್ಟೆ ತುಂಬಿತೇ, ಮಹಾರಾಣಿ ಇವತ್ತು ಯಾಕೆ ಗೊಣಗುತ್ತಾಳೆ, ಹೀಗೆ. ಆ ಊರಿನ ನೀರು ಗಡಸು. ನಲ್ಲಿಯ ಮೂತಿಯಲ್ಲಿ ಬಿಳಿಯ ಗಡ್ಡ ಬೆಳೆಯುವ ನೀರು. ಮಷೀನಿನೊಳಗೆ, ತಳದಲ್ಲಿ ಒಂದು ಬಾಯಿ ಇತ್ತು. ಅದರೊಳಗೆ ಹರಳು ಹರಳು ಉಪ್ಪು ಸುರಿದರೆ ಅದು ನೀರಿನ ಸುಣ್ಣವನ್ನು ಹಿಡಿದಿಡುವ ಭಾಗವನ್ನು ಆಗಾಗ ತೊಳೆದು, ಮತ್ತೆ ಕೆಲಸಕ್ಕೆ ಹಚ್ಚುತ್ತದೆ. ಉಪ್ಪು ಮುಗಿದಾಗ ಬಾಗಿಲಿನ ಮೇಲೆ ಸಣ್ಣ ಕೆಂಪು ದೀಪ ಹತ್ತುತ್ತದೆ. ದೀಪ ಹತ್ತಿದಾಗಲೆಲ್ಲ ಮನೆಯಲ್ಲಿ ಒಂದು ಸಣ್ಣ ನಾಟಕ. ಉಪ್ಪಿಗಿಂತ ರುಚಿಯಿಲ್ಲ ಅಂತಾರೆ ನಿಜ, ಆದರೆ ತಟ್ಟೆಗೂ ಆ ರುಚಿ ಹತ್ತಿದ್ದು ನಮ್ಮ ಮನೆಯಲ್ಲೇ ಅಂತ ಅತ್ತೆ. ಮತ್ತೆ ಉಪ್ಪಾ, ಹೋದ ಸಲ ತಂದದ್ದು ಎಲ್ಲಿ ಹೋಯಿತು ಅಂತ ಗಂಡ. ಗಂಡನಿಗೆ ಆಫೀಸಿನಲ್ಲಿ ಕತ್ತರಿ ಅಂತ ಅಡ್ಡಹೆಸರು. ಅವನ ಕೆಲಸವೇ ಎಲ್ಲೆಲ್ಲಿ ಖರ್ಚು ಸೋರುತ್ತದೆ ಅಂತ ಹುಡುಕಿ ಕತ್ತರಿಸುವುದು. ಆ ಹೆಸರನ್ನು ಅವನು ಪದಕದ ಹಾಗೆ ಧರಿಸಿದ್ದ. ಮನೆಗೆ ಬಂದ ಮೇಲೂ ಕತ್ತರಿಗೆ ಬಿಡುವಿಲ್ಲ. ಫ್ರಿಜ್ಜಿನ ತಿರುಗಣೆ ಒಂದು ಗೆರೆ ಕೆಳಗೆ, ಎರಡು ಬಲ್ಬಿನ ಜಾಗದಲ್ಲಿ ಒಂದು. ಅವನು ಕೆಟ್ಟವನಲ್ಲ. ಕೈ ಎತ್ತಿದವನಲ್ಲ, ಕುಡಿದವನಲ್ಲ, ಅವಳಿಗೆ ಜ್ವರ ಬಂದಾಗ ಹಣೆ ಮುಟ್ಟಿ ನೋಡಿದವನು. ಕೆಟ್ಟವನಲ್ಲ ಅನ್ನುವುದನ್ನು ಅವಳು ಎಷ್ಟು ಸಲ ಹೇಳಿಕೊಂಡಿದ್ದಳೆಂದರೆ, ಆ ಮಾತೂ ತೊಳೆದು ತೊಳೆದು ಸವೆದ ಚಮಚದ ಹಾಗಾಗಿತ್ತು.

ಅವನು ಹಿಂದಿನಿಂದ ಬಂದು ನಿಂತದ್ದು ಅವಳಿಗೆ ಚಪ್ಪಲಿಯ ಸದ್ದಿನಿಂದ ಗೊತ್ತಾಯಿತು. ಲೋಟವನ್ನು ಅವಳ ಕೈಯಿಂದ ತೆಗೆದುಕೊಂಡು ತಾನೂ ಬೆಳಕಿಗೆ ಹಿಡಿದ, ಪರೀಕ್ಷಕನ ಮುಖ ಮಾಡಿಕೊಂಡು. ಪೌಡರು ಜಾಸ್ತಿಯಾಗಿದೆ ಅಂದ. ಹೋದ ವಾರ ಪೌಡರು ಕಮ್ಮಿಯಾಗಿದೆ ಅಂದಿದ್ದ. ಅದಕ್ಕೂ ಮುಂಚೆ ಪಾತ್ರೆ ಜೋಡಿಸುವ ರೀತಿ ಸರಿಯಿಲ್ಲ, ತಟ್ಟೆಗಳು ಒಂದಕ್ಕೊಂದು ಬೆನ್ನು ತಾಗಿಸಿಕೊಂಡರೆ ನೀರು ಹೇಗೆ ಹೋಗಬೇಕು ಅಂತ ಕೂತು ಜೋಡಿಸಿ ತೋರಿಸಿದ್ದ. ಅವಳು ನಂಬಿದ್ದಳು. ಮನೆಯಲ್ಲಿ ಏನಾದರೂ ಕೆಟ್ಟರೆ ಕುಂಬಳಕಾಯಿ ಕಳ್ಳ ಅನ್ನುವ ಮೊದಲೇ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ಅವಳದು. ಪೌಡರು ಅಳೆದಳು, ತಟ್ಟೆ ಸರಿಸಿದಳು. ಬಿಳುಪು ಹೋಗಲಿಲ್ಲ. ಹೋಗದ ಬಿಳುಪನ್ನು ಕೈಯಿಂದ ಉಜ್ಜಿ ತೆಗೆದಳು. ಮಷೀನು ತೊಳೆದ ಪಾತ್ರೆಯನ್ನು ದಿನವೂ ಮತ್ತೆ ತೊಳೆದಳು. ಹೀಗೆ ವಾಸಿಯಾಗುತ್ತಿದ್ದ ಕೈ ಮತ್ತೆ ಸೀಳಿತು. ಮಧ್ಯಾಹ್ನ ಮೆಕ್ಯಾನಿಕ್ ಬರ್ತಾನೆ, ನಾನೇ ರಜೆ ಹಾಕಿ ಇರ್ತೀನಿ, ನಿನ್ನ ಹತ್ತಿರ ಅವರು ಸುಮ್ಮನೆ ಏನೇನೋ ಹೇಳಿ ಯಾಮಾರಿಸ್ತಾರೆ ಅಂದ ಗಂಡ. ಅವಳು ಬೆಳಗಿನ ಕಾಫಿಗೆ ಬೇಕಾದಷ್ಟು ಲೋಟ ತೊಳೆದು, ಉಳಿದದ್ದನ್ನು ಸಿಂಕಿನಲ್ಲೇ ಬಿಟ್ಟು ಹೊರಟಳು. ಬಿಟ್ಟು ಬಂದದ್ದು ಬಸ್ಸಿನುದ್ದಕ್ಕೂ ಬೆನ್ನ ಹಿಂದೆ ಯಾರೋ ಕೂತ ಹಾಗೆ ಜೊತೆಗೆ ಬಂತು.

ಕೆಲಸ ಅವಳಿಗೆ ಹಲ್ಲಿನ ಕ್ಲಿನಿಕ್ಕಿನಲ್ಲಿ. ಹಲ್ಲಿನ ಬುಡದಲ್ಲಿ ಗಾರೆಯ ಹಾಗೆ ಕಟ್ಟಿಕೊಂಡ ಕಲ್ಲನ್ನು ಎಬ್ಬಿಸಿ ತೆಗೆಯುವುದು, ಆಮೇಲೆ ಹೊಳಪು ಕೊಡುವುದು. ಅದರಲ್ಲಿ ಅವಳ ಕೈ ಒಳ್ಳೆಯದು ಅಂತ ಹೆಸರಿತ್ತು. ಬಲ ಹಾಕಬಾರದು. ಕಲ್ಲಿಗೂ ಹಲ್ಲಿಗೂ ನಡುವೆ ಒಂದು ದಾರಿ ಇರುತ್ತದೆ, ಉಪಕರಣದ ತುದಿ ಆ ದಾರಿ ಹಿಡಿದರೆ ಕಲ್ಲು ತಾನಾಗಿ ಬಿಡುತ್ತದೆ. ಇವತ್ತು ಕುರ್ಚಿಯಲ್ಲಿ ಮಲಗಿದ್ದ ಹೆಂಗಸಿಗೆ ಕೆಳಗಿನ ಮುಂದಿನ ಹಲ್ಲುಗಳ ಹಿಂದೆ ಗೋಡೆಯೇ ಎದ್ದಿತ್ತು. ಅವಳಿಗೆ ಆ ಬಾಯೊಳಗೆ ಮಷೀನು ಕಂಡಿತು. ಮಷೀನಿನ ನೀರು ಬರುವ ಕೊಳವೆಯ ತುದಿಯಲ್ಲಿ ಕೆಂಪು ಮಣ್ಣು ಹಿಡಿಯುವ ಪುಟ್ಟ ಜಾಲರಿ ಇದೆ. ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಅದನ್ನು ತಪ್ಪದೆ ಉಜ್ಜುತ್ತಿದ್ದವಳು ಅವಳು. ನೀರು ಚಿಮ್ಮಿಸುತ್ತ ತಿರುಗುವ ರೆಕ್ಕೆಯ ತೂತುಗಳಿಗೆ ಸೂಜಿ ಹಾಕಿ ಬಿಡಿಸುತ್ತಿದ್ದವಳು ಅವಳು. ಒಮ್ಮೆ ಬೀದಿಯಲ್ಲಿ ಪೈಪು ಒಡೆದು ರಿಪೇರಿಯಾದ ದಿನ, ಕೆಸರು ನೀರು ಮೊದಲು ಮಷೀನಿಗೆ ನುಗ್ಗದಿರಲಿ ಅಂತ ಬಸ್ಸಿಳಿದು ಓಡುತ್ತ ಬಂದು ಅದರ ನಲ್ಲಿ ಮುಚ್ಚಿ, ಬಚ್ಚಲಲ್ಲಿ ನೀರು ತಿಳಿಯಾಗುವವರೆಗೆ ಹರಿಯಬಿಟ್ಟು ಕಾದಿದ್ದಳು. ಸೋಫಾದಲ್ಲಿ ಕೂತಿದ್ದ ಗಂಡ, ನೀರು ಯಾಕೆ ದಂಡ ಮಾಡ್ತೀಯ ಅಂದಿದ್ದ. ಹಸುಗೂಸನ್ನು ನೋಡಿಕೊಂಡ ಹಾಗೆ ನೋಡಿಕೊಂಡಿದ್ದಳು, ಆದರೂ ಅದರ ಹೊಟ್ಟೆಯಲ್ಲಿ ಸುಣ್ಣ ಕಟ್ಟಿತು, ಯಾಕೆ ಕಟ್ಟಿತು, ಎಲ್ಲಿ ತಪ್ಪಿದೆ ನಾನು, ಎಲ್ಲಿ? ಕುರ್ಚಿಯ ಹೆಂಗಸು ಕೈ ಎತ್ತಿ ಮುಲುಗಿದಳು. ವಸಡಿನಿಂದ ರಕ್ತ ಬಂದಿತ್ತು. ಉಪಕರಣ ದಾರಿ ಬಿಟ್ಟು ಮಾಂಸಕ್ಕೆ ಹೋಗಿತ್ತು.

ಕೈಗವಸು ಬಿಚ್ಚಿ ಹತ್ತಿ ಕೊಡಲು ಹೋದಾಗ ಆ ಹೆಂಗಸು ಅವಳ ಬೆರಳು ನೋಡಿದಳು. ನೋಡಿ, ಹತ್ತಿಯನ್ನು ತೆಗೆದುಕೊಳ್ಳದೆ, ಬಾಯಿಗೆ ತನ್ನದೇ ಕರವಸ್ತ್ರ ಒತ್ತಿಕೊಂಡಳು. ನಿಮ್ಮ ಕೈಗೆ ಏನದು, ಅಂಟೋ ಕಾಯಿಲೆ ಅಲ್ಲ ತಾನೆ ಅಂತ ಕೇಳಿದಳು. ಅಲ್ಲ ಮೇಡಂ, ಪಾತ್ರೆ ತೊಳೆದು ಹೀಗಾಗಿದೆ ಅಂದಳು ಇವಳು. ಹೇಳಿದ ಮೇಲೆ, ಅಂಟುವ ಕಾಯಿಲೆ ಅಂದಿದ್ದರೇ ಮರ್ಯಾದೆಯಿತ್ತು ಅನ್ನಿಸಿತು. ಆ ಹೆಂಗಸಿಗೆ ನಿಜವಾಗಿಯೂ ಆಶ್ಚರ್ಯ.

"ಮನೇಲಿ ಇನ್ಯಾರೂ ಇಲ್ವಾ ನಿಮಗೆ?"

ಇದ್ದಾರೆ ಅಂದಳು. ಆ ಒಂದು ಶಬ್ದ ಬಾಯಿಂದ ಹೊರಗೆ ಬಂದು ಔಷಧಿಯ ವಾಸನೆಯ ಕೋಣೆಯಲ್ಲಿ ಎಲ್ಲಿ ಕೂರಬೇಕೋ ತಿಳಿಯದೆ ನಿಂತುಕೊಂಡಿತು. ಹಲ್ಲಿನ ಡಾಕ್ಟರು ಆಮೇಲೆ ಅವಳನ್ನು ಒಳಗೆ ಕರೆದು, ಬಾಗಿಲು ಮುಚ್ಚಿ, ಮೆತ್ತಗೆ ಮಾತಾಡಿದರು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಈ ತಿಂಗಳು ನೋಡೋಣಮ್ಮ, ವಾಸಿಯಾಗದೆ ಹೋದರೆ ಮುಂದಿನ ತಿಂಗಳಿಂದ ನೀವು ಹೊರಗೆ ಫೋನಿನ ಹತ್ತಿರ ಕೂತುಬಿಡಿ, ನಿಮಗೂ ವಿಶ್ರಾಂತಿ ಅಂದರು. ಅವರು ಒಳ್ಳೆಯವರು. ಒಳ್ಳೆಯವರ ನಡುವೆಯೇ ತಾನು ಹೀಗೆ ದಿನಕ್ಕೊಂದು ಮೆಟ್ಟಿಲು ಇಳಿಯುತ್ತಿದ್ದೇನೆ ಅನ್ನಿಸಿತು ಅವಳಿಗೆ. ಫೋನಿನ ಪಕ್ಕ ಕೂತು ಹಲೋ ಅನ್ನುವುದಕ್ಕೆ ಯಾರಾದರೂ ಸಿಗುತ್ತಾರೆ. ಕಲ್ಲಿಗೂ ಹಲ್ಲಿಗೂ ನಡುವಿನ ದಾರಿ ಕಂಡುಹಿಡಿಯುವ ಕೈ ಎಲ್ಲರಿಗೂ ಬರುವುದಿಲ್ಲ. ಅವಳಿಗೆ ತನ್ನದು ಅಂತ ಇದ್ದದ್ದು ಆ ಕೈಯೊಂದೇ. ಬಸ್ಸಿಗೆ ಕಾಯುತ್ತ ನಿಂತಾಗ ಸುಮ್ಮನೆ ಅಮ್ಮನ ನೆನಪಾಯಿತು. ಅಮ್ಮನ ಮುಖ, ಕೊರಳು, ಕೆಮ್ಮು ಎಲ್ಲ ನೆನಪಿತ್ತು. ಕೈ ಮಾತ್ರ ಹೇಗಿತ್ತು ಅಂತ ಎಷ್ಟು ಎಳೆದರೂ ಬರಲಿಲ್ಲ. ಅದು ಯಾವಾಗಲೂ ನೀರಿನೊಳಗಿರುತ್ತಿತ್ತು.

ಮನೆಗೆ ಬಂದಾಗ ಮಷೀನನ್ನು ಕಟ್ಟೆಯ ಕೆಳಗಿಂದ ಎಳೆದು ಅಡಿಗೆಮನೆಯ ನಡುವೆ ನಿಲ್ಲಿಸಿದ್ದರು. ಮೆಕ್ಯಾನಿಕ್ ಅಂಗಾತ ಮಲಗಿ ಟಾರ್ಚು ಬಿಡುತ್ತಿದ್ದ. ಅಡಿಗೆಮನೆಯ ಹೊಸ್ತಿಲ ಹತ್ತಿರ ಕುರ್ಚಿ ಹಾಕಿಕೊಂಡು ಅತ್ತೆ ಆಪರೇಷನ್ ನೋಡುವ ನೆಂಟರ ಹಾಗೆ ಕೂತಿದ್ದರು. ಗಂಡ ನಿಂತುಕೊಂಡು ವಿವರಿಸುತ್ತಿದ್ದ. ನಮ್ಮ ಮನೆಯವರಿಗೆ ಮಷೀನಿನ ವಿಷಯ ಅಷ್ಟು ತಿಳಿಯಲ್ಲ, ದಿನಾ ಓಡಿಸೋದು ಗೊತ್ತು, ನೋಡಿಕೊಳ್ಳೋದು ಗೊತ್ತಿಲ್ಲ ಅನ್ನುತ್ತಿದ್ದ. ಅವಳು ಬಾಗಿಲಲ್ಲಿ ನಿಂತದ್ದನ್ನು ಕಂಡೂ ಮಾತು ನಿಲ್ಲಿಸಲಿಲ್ಲ. ಅದು ನಿಂದೆ ಅಂತ ಅವನಿಗೆ ಅನ್ನಿಸಿಯೇ ಇರಲಿಲ್ಲ, ಹೊರಗೆ ಬಿಸಿಲಿದೆ ಅಂದಷ್ಟು ಸಹಜವಾಗಿ ಹೇಳುತ್ತಿದ್ದ. ಮೆಕ್ಯಾನಿಕ್ ಎದ್ದು ಕೂತು ಮೊದಲು ಕೊಳವೆಯ ತುದಿಯ ಜಾಲರಿ ಬಿಚ್ಚಿದ. ಅದರಲ್ಲಿ ಮಣ್ಣಿರಲಿಲ್ಲ. ಇದು ಕ್ಲೀನಾಗಿದೆ ಸಾರ್ ಅಂದ ಗಂಡನಿಗೆ. ತಳದ ಫಿಲ್ಟರ್ ಎತ್ತಿದ, ಅದೂ ಕ್ಲೀನು. ಆಮೇಲೆ ಅಡಿಯ ಮುಚ್ಚಳ ತೆಗೆದು, ನೀರು ಕಾಯಿಸುವ ಭಾಗ ಹೊರಗೆಳೆದು ಟಾರ್ಚಿನ ಬೆಳಕಿಗೆ ಹಿಡಿದ. ಅದು ಲೋಹದ ವಸ್ತು ಅಂತ ಹೇಳಿದರೆ ಯಾರೂ ನಂಬುವ ಹಾಗಿರಲಿಲ್ಲ. ಸುಣ್ಣ ಪದರು ಪದರಾಗಿ ಕಟ್ಟಿ, ಹೊಳೆಯಲ್ಲಿ ಬಿದ್ದ ಕಟ್ಟಿಗೆಯ ಹಾಗಾಗಿತ್ತು. ಬೆರಳಿನಿಂದ ತಟ್ಟಿದ. ಒಂದು ಚಕ್ಕೆ ಎದ್ದು ಅವಳ ಪಾದದ ಹತ್ತಿರ ಬಿತ್ತು.

"ಮೇಡಂ ಉಪ್ಪು ಹಾಕ್ತಾನೇ ಇರ್ಲಿಲ್ವಾ ಸಾರ್?"

ಅವಳು ಎದುರಿಗೇ ನಿಂತಿದ್ದಳು. ಪ್ರಶ್ನೆ ಅವಳ ಬಗ್ಗೆ, ಕೇಳಿದ್ದು ಅವನನ್ನು. ಶಾಲೆಗೆ ಮಗುವನ್ನು ಕರೆದುಕೊಂಡು ಹೋದಾಗ ಮೇಷ್ಟ್ರು ಮಗುವಿನ ತಲೆಯ ಮೇಲಿಂದ ಅಪ್ಪನನ್ನು ಕೇಳುತ್ತಾರಲ್ಲ, ಹಾಗೆ. ಅವಳ ಕಿವಿಯ ತುದಿ ಬಿಸಿಯಾಯಿತು. ದೀಪ ಹತ್ತಿದಾಗಲೆಲ್ಲ ಹಾಕಿದ್ದೀನಿ, ಈಗೀಗ ದೀಪವೇ ಹತ್ತಲಿಲ್ಲ ಅಂದಳು. ಹೇಳುತ್ತಿರುವಾಗಲೇ ಇನ್ನೊಂದು ಯೋಚನೆ ಕಚ್ಚಿತು: ದೀಪ ಹತ್ತದಿದ್ದಾಗ ನನಗೆ ಸಮಾಧಾನವಾಗಿತ್ತು. ಉಪ್ಪಿನ ನಾಟಕ ಇಲ್ಲವಲ್ಲ ಅಂತ, ದೀಪ ಯಾಕೆ ಹತ್ತುತ್ತಿಲ್ಲ ಎಂದು ಕೇಳದೆ ಸುಮ್ಮನಿದ್ದೆ. ಹೆಗಲು ಮುಟ್ಟಿಕೊಳ್ಳಲು ಕೈ ಆಗಲೇ ಹೊರಟಿತ್ತು. ಮೆಕ್ಯಾನಿಕ್ ತಲೆಯಾಡಿಸಿ, ಗಂಡನ ಕಡೆಗೇ ನೋಡುತ್ತ, ದೀಪ ಹತ್ತದೆ ಇರೋಕೆ ಚಾನ್ಸೇ ಇಲ್ಲ ಸಾರ್, ಲೇಡೀಸು ಗಮನಿಸಿರಲ್ಲ ಅಂದ. ಗಂಡ ಗೋಡೆಯ ಕಡೆ ನೋಡಿದ. ಆಗ ಕುರ್ಚಿಯಿಂದ ಅತ್ತೆ ಬಾಯಿ ಹಾಕಿದರು. ಮಗನ ಜಾಣತನ ಮೂರನೆಯವರ ಮುಂದೆ ಬೆಳಕಿಗೆ ಬರದೇ ಹೋಗುತ್ತಿದೆಯಲ್ಲ ಅಂತ ಅವರಿಗೆ ತಡೆಯಲಾಗಲಿಲ್ಲ.

"ಅಯ್ಯೋ, ಆ ದೀಪದ ಕಾಟ ನನ್ನ ಮಗನೇ ಬಿಡಿಸಿದ್ದು ಕಣಪ್ಪ. ಒಂದಿನ ರಜೇಲಿ ಅದರ ಮುಂದೆ ಕೂತು, ಅದ್ಯಾವುದೋ ಗುಂಡಿ ಒತ್ತಿ ಹಿಡ್ಕೊಂಡು, ಏನೇನೋ ಮಾಡ್ದ. ಅವತ್ತಿಂದ ಉಪ್ಪೂ ಇಲ್ಲ ಗಿಪ್ಪೂ ಇಲ್ಲ, ತೆಪ್ಪಗಿದೆ. ದುಡಿಯೋ ಗಂಡಸು ಮನಸ್ಸು ಮಾಡಿದ್ರೆ ಎಷ್ಟೊತ್ತು?"

ಮೆಕ್ಯಾನಿಕ್ ಬಗ್ಗಿ ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿ ಹಿಡಿದ. ಬಾಗಿಲಿನ ಪುಟ್ಟ ಗಾಜಿನ ಮೇಲೆ ನೀರಿನ ಗಡಸಿಗೆ ತಕ್ಕಂತೆ ಇಡಬೇಕಾದ ಅಂಕಿ ಮೂಡಿತು. ಸೊನ್ನೆ. ಮಷೀನು ಕೂರಿಸಿದ ದಿನ ಅದನ್ನು ಮೇಲಿನ ಅಂಕಿಗೆ ಇಟ್ಟದ್ದು ಅವಳು ಕಣ್ಣಾರೆ ಕಂಡಿದ್ದಳು. ಸೊನ್ನೆಗೆ ತಂದ್ರೆ ಉಪ್ಪೇ ಬೇಡ ಅಂತ ಮಷೀನು ತಿಳ್ಕೊಳ್ಳುತ್ತೆ ಸಾರ್, ದೀಪಾನೂ ಹತ್ತಲ್ಲ, ಇದು ಮೆತ್ತಗಿನ ನೀರಿರೋ ಊರಿಗೆ ಅಂದ ಮೆಕ್ಯಾನಿಕ್. ಈಗಲೂ ಸಾರ್‌ಗೇ ಹೇಳಿದ, ಆದರೆ ದನಿ ಸ್ವಲ್ಪ ತಗ್ಗಿತ್ತು. ಗಂಡ ಕೆಮ್ಮಿದ. ಒಂದು ಪ್ರಯೋಗ ಅಂತ ಮಾಡಿದೆ, ಆ ಉಪ್ಪು ಕಂಪನಿಯವರ ವ್ಯಾಪಾರದ ಉಪಾಯ ಅಂತ ಯಾರೋ ಹೇಳಿದ್ರು, ನೀರು ಕುಡಿಯೋಕೆ ಚೆನ್ನಾಗೇ ಇದೆಯಲ್ಲ ಅಂದ. ಆಮೇಲೆ ನಕ್ಕ. ತಪ್ಪು ಮಾಡಿ ಸಿಕ್ಕಿಬಿದ್ದವರು ನಗುವ ನಗು ಅಲ್ಲ; ಆಟದಲ್ಲಿ ಒಂದು ಕಾಯಿ ಕಳೆದುಕೊಂಡವನ ನಗು.

ಅವಳಿಗೆ ಸೊನ್ನೆಯ ಮೇಲೆ ಸಿಟ್ಟು ಬರಲಿಲ್ಲ. ಸೊನ್ನೆ ಮಾಡಿದ್ದ, ಸರಿ. ಕತ್ತರಿ ಕತ್ತರಿಸುತ್ತದೆ, ಅದರ ಹುಟ್ಟುಗುಣ. ಆದರೆ ಪೌಡರು ಜಾಸ್ತಿ ಅಂದದ್ದು? ಪೌಡರು ಕಮ್ಮಿ ಅಂದದ್ದು? ಕೂತು, ಬಗ್ಗಿ, ತಟ್ಟೆಗಳನ್ನು ಒಂದೊಂದಾಗಿ ಜೋಡಿಸಿ ತೋರಿಸಿದ್ದು? ತೋರಿಸುವಾಗ ಅವಳು ಪಕ್ಕದಲ್ಲಿ ನಿಂತು, ಹೌದಲ್ಲ, ನನಗೆ ಇದು ಹೊಳೆಯಲೇ ಇಲ್ಲ ಅಂದಿದ್ದಳು. ಸಂಜೆ ಸಂಜೆ ಬಿಳಿಯ ಲೋಟಗಳನ್ನು ಅವಳು ಸಿಂಕಿನ ಮುಂದೆ ಉಜ್ಜುತ್ತಿದ್ದಾಗ ಅವನು ಹಿಂದೆ ನಿಂತು ನೋಡುತ್ತಿದ್ದ. ಅವಳ ಬೆರಳಿಗೆ ಪಟ್ಟಿ ಸುತ್ತಿಕೊಟ್ಟವನೂ ಅವನೇ. ಪಟ್ಟಿಯ ತುದಿಯನ್ನು ಹಲ್ಲಿನಿಂದ ಕಡಿದು, ಹುಷಾರು ಕಣೆ ಅಂದಿದ್ದ. ಗೊತ್ತಿತ್ತು. ಪಟ್ಟಿ ಸುತ್ತುವಾಗ ಗೊತ್ತಿತ್ತು. ಇಲ್ಲಾ, ಗೊತ್ತೇ ಇರಲಿಲ್ಲವೋ? ಇದೂ ಅದೂ ಒಂದಕ್ಕೊಂದು ಸೇರಿದ್ದು ಅಂತ ಅವನಿಗೆ ಹೊಳೆಯಲೇ ಇಲ್ಲವೋ? ಯಾವುದು ಹೆಚ್ಚು ಕೆಟ್ಟದ್ದು ಅಂತ ಅವಳು ತೂಗಿ ನೋಡಿದಳು. ಗೊತ್ತಿದ್ದು ಮುಚ್ಚಿಟ್ಟಿದ್ದರೆ ಅವನು ಸುಳ್ಳ, ಮುಗಿಯಿತು. ಹೊಳೆಯದೇ ಇದ್ದಿದ್ದರೆ, ಅವಳ ಕೈ ಅವನ ಲೆಕ್ಕದಲ್ಲಿ ಎಲ್ಲಿಯೂ ಇರಲೇ ಇಲ್ಲ. ಸಿಟ್ಟು ಕೈಗಳಿಗೆ ಇಳಿಯಿತು. ಬೆರಳುಗಳು ತಾವಾಗಿ ಮಡಚಿಕೊಂಡವು, ಸೀಳುಗಳು ಬಾಯಿ ಬಿಟ್ಟವು.

ಗಂಡ ಆಗಲೇ ಮುಂದಿನ ಮಾತಿಗೆ ಹೋಗಿದ್ದ. ಆದದ್ದಾಯಿತು, ಹಳೆಯದೂ ಆಯಿತು, ಇದಕ್ಕೆ ಇನ್ನು ಸುರಿಯುವುದು ಬೇಡ, ನೀವೇ ಎತ್ತಿಕೊಂಡು ಹೋಗುವುದಾದರೆ ನೋಡಿ ಅಂತ ಮೆಕ್ಯಾನಿಕ್ಕನ ಜೊತೆ ಮಾತಾಡುತ್ತಿದ್ದ. ಮೆಕ್ಯಾನಿಕ್ ಗಿರಾಕಿಯ ಕಣ್ಣಿನಿಂದ ಮಷೀನಿನ ಪಕ್ಕವನ್ನು ತಟ್ಟಿ ನೋಡುತ್ತಿದ್ದ. ಅವಳು ನಡುವೆ ಬಂದು ನಿಂತಳು. ದನಿ ಎತ್ತಲಿಲ್ಲ.

"ಅದು ನನ್ನದು. ಸುಣ್ಣ ಬಿಡಿಸೋ ಹುಳಿ ಪುಡಿ ನಿಮ್ಮ ಚೀಲದಲ್ಲಿ ಇರುತ್ತಲ್ಲ, ಹಾಕಿ. ಆ ಅಂಕಿ ಮೊದಲು ಎಷ್ಟಿತ್ತೋ ಅಷ್ಟಕ್ಕೆ ತನ್ನಿ. ಇನ್ನು ಮೇಲೆ ಇದರ ವಿಷಯ ಏನಿದ್ರೂ ನನ್ನನ್ನ ಕೇಳಿ."

ಮೆಕ್ಯಾನಿಕ್ ಮೊದಲ ಸಲ ಅವಳ ಮುಖ ನೋಡಿ, ಆಯ್ತು ಮೇಡಂ ಅಂದ. ಕಾಯಿಸುವ ಭಾಗ ಮತ್ತೆ ಕೂರಿಸಿ, ಅಂಕಿ ಮೇಲಕ್ಕೆ ತಂದು, ಬಿಸಿ ನೀರಿನಲ್ಲಿ ಹುಳಿ ಪುಡಿ ಕಲಸಿ ಹೊಟ್ಟೆಗೆ ಹೊಯ್ದ, ಉಪ್ಪಿನ ಬಾಯಿಗೆ ಉಪ್ಪು ತುಂಬಿದ. ಬೆಳಗಿನವರೆಗೆ ಹಾಗೇ ನೆನೆಯಲಿ, ನಾಳೆ ಬಂದು ಓಡಿಸಿ ನೋಡ್ತೀನಿ, ಕಾಯಿಸೋ ಭಾಗ ಉಳಿದ್ರೂ ಉಳೀಬಹುದು, ಹೋದ್ರೂ ಹೋಗಬಹುದು, ಗ್ಯಾರಂಟಿ ಕೊಡಲ್ಲ ಅಂದು ಚೀಲ ಹೆಗಲಿಗೇರಿಸಿ ಹೋದ. ಅವನು ಹೋದ ಮೇಲೆ ಮನೆಯಲ್ಲಿ ಹುಳಿಯ ವಾಸನೆ ಉಳಿಯಿತು. ಅತ್ತೆ ಏನೋ ತಾಗಬಾರದ್ದು ತಾಗಿತು ಅಂತ ಗೊತ್ತಾಗಿ, ಏನು ಅಂತ ಗೊತ್ತಾಗದೆ, ಸೆರಗಿನ ತುದಿ ಸುತ್ತುತ್ತ ಕೂತರು. ಗಂಡ ಟೀವಿ ಹಾಕಿ, ತೆಗೆದು, ಅಡಿಗೆಮನೆಗೆ ಬಂದ. ಸಿಂಕಿನ ರಾಶಿ ಬೆಳಗಿಗಿಂತ ಬೆಳೆದಿತ್ತು. ಮಧ್ಯಾಹ್ನದ ತಟ್ಟೆಗಳೂ, ಮೆಕ್ಯಾನಿಕ್ಕಿಗೆ ಕೊಟ್ಟ ಚಹಾದ ಕಪ್ಪೂ ಸೇರಿದ್ದವು. ಅವನು ಅದನ್ನು ನೋಡಿದ, ಅವಳನ್ನು ನೋಡಿದ. ಮೆತ್ತಗೆ, ನಿಜವಾಗಿಯೂ ಮೆತ್ತಗೆ, ಸಮಾಧಾನ ಮಾಡುವ ದನಿಯಲ್ಲಿ ಅಂದ:

"ಇವತ್ತೊಂದಿನ ಹೇಗೋ ತೊಳೆದುಬಿಡು. ನಾಳೆ ಸರಿ ಹೋಗುತ್ತಲ್ಲ."

ಮನೇಲಿ ಇನ್ಯಾರೂ ಇಲ್ವಾ ನಿಮಗೆ. ಇದ್ದಾರೆ. ಅವಳು ಸಿಂಕಿನ ಮುಂದೆ ನಿಂತು ತನ್ನ ಕೈಗಳನ್ನಲ್ಲ, ಅವನ ಕೈಗಳನ್ನು ನೋಡಿದಳು. ಮದುವೆಯಾದ ಇಷ್ಟು ವರ್ಷಗಳಲ್ಲಿ ಮೊದಲ ಸಲ ನೋಡಿದ ಹಾಗೆ ನೋಡಿದಳು. ನುಣುಪಾದ, ಉಗುರು ಕತ್ತರಿಸಿದ, ಎಲ್ಲೂ ಸೀಳಿಲ್ಲದ ಎರಡು ಕೈ. ಅವು ಯಾವಾಗಲೂ ಈ ಮನೆಯಲ್ಲೇ ಇದ್ದವು. ಚರ್ಮದ ಡಾಕ್ಟರು ನೀರು ಬಿಡಿ ಅಂದ ದಿನ ಅವಳು ಅಂಗಡಿಗೆ ಹೋಗಿ ಮಷೀನು ತಂದಳೇ ಹೊರತು, ಮನೆಗೆ ಬಂದು ಒಂದು ಮಾತು ಕೇಳಲಿಲ್ಲ. ಕೇಳಬೇಕು ಅಂತ ಹೊಳೆಯಲಿಲ್ಲವೇ? ಹೊಳೆದಿತ್ತು. ಅಂಗಡಿಯ ಬಾಗಿಲಲ್ಲೇ ಹೊಳೆದಿತ್ತು. ಕೇಳಿದರೆ ಅವನು ನಗುತ್ತಾನೆ, ಅತ್ತೆ ಕುರ್ಚಿಯಿಂದ ಏಳುತ್ತಾರೆ, ಮನೆ ಎರಡಾಗುತ್ತದೆ. ಅದಕ್ಕಿಂತ ಮಷೀನು ಹಗುರ ಅನ್ನಿಸಿತ್ತು. ಆ ಒಂದು ಮಾತು ಕೇಳುವುದನ್ನು ತಪ್ಪಿಸಿಕೊಳ್ಳುವುದಕ್ಕೆ ಜಾಲರಿ ಉಜ್ಜಿದಳು, ಸೂಜಿ ಹಾಕಿದಳು, ಕೆಸರು ನೀರಿನ ದಿನ ಬೀದಿಯುದ್ದಕ್ಕೂ ಓಡಿದಳು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಕೆಸರು ಒಬ್ಬರ ಕೈಗೆ, ಮೊಸರು ಇನ್ನೊಬ್ಬರ ಬಾಯಿಗೆ ಅಂತ ಗಾದೆ ಮಾಡಿದವರು ಬಿಡಿಸಿ ಹೇಳಲಿಲ್ಲ.

"ನೀವು ತೊಳೀರಿ" ಅಂದಳು.

ಅವನಿಗೆ ಕೇಳಿಸಿತು, ಅರ್ಥವಾಗಲಿಲ್ಲ. ಏನು ಅಂದ.

"ಪಾತ್ರೆ. ನೀವು ತೊಳೀರಿ. ಮಷೀನು ಸರಿ ಹೋಗೋವರೆಗೆ. ಸರಿ ಹೋಗದೇ ಇದ್ರೆ, ಆಮೇಲೂ."

ಅವನು ನಕ್ಕ. ಅವಳು ನಗಲಿಲ್ಲ. ಜೊತೆ ಸಿಗದೆ ನಗು ಅರ್ಧದಲ್ಲೇ ನಿಂತಿತು. ನನಗೆ ಅದೆಲ್ಲ ಬರಲ್ಲ ಕಣೆ ಅಂದ. ಅವಳು, ಗುಂಡಿ ಒತ್ತಿ ಹಿಡಿಯೋದೂ ಬರ್ತಿರಲಿಲ್ಲ ರೀ ನಿಮಗೆ, ಕೂತು ಕಲಿತ್ರಲ್ಲ ಅಂದಳು. ಆಗ, ಅವಳು ಅಂದುಕೊಂಡ ಹಾಗೆಯೇ, ಕುರ್ಚಿ ಕರಕರ ಅಂದಿತು. ಅತ್ತೆ ಮಂಡಿಗೆ ಕೈ ಊರಿ ಏಳುತ್ತಿದ್ದರು. ಬಿಡ್ರೋ, ಇದಕ್ಕೇನು ಪಂಚಾಯಿತಿ, ನಾನಿನ್ನೂ ಬದುಕಿದ್ದೀನಿ, ನಾನೇ ತೊಳೀತೀನಿ ಅಂದರು. ಆ ಮಾತಿನಲ್ಲಿ ಅಸ್ತ್ರವೂ ಇತ್ತು, ನಿಜವಾದ ನೋವೂ ಇತ್ತು. ಅವರ ಬೆರಳ ಗಂಟುಗಳು ಊದಿ ಸೊಟ್ಟಗಾಗಿದ್ದವು. ಆ ಕೈಯೂ ಎಷ್ಟೋ ವರ್ಷ ನೀರಿನೊಳಗಿದ್ದು ಬಂದದ್ದೇ. ಹಿಂದೆ ಯಾವತ್ತಾದರೂ ಆಗಿದ್ದರೆ ಈ ಹಂತದಲ್ಲಿ ಅವಳು ಓಡಿಹೋಗಿ, ಅಯ್ಯೋ ಅತ್ತೆ ನೀವ್ಯಾಕೆ ಅಂತ ಅವರ ಕೈ ಹಿಡಿದು, ಸಿಂಕಿನ ಮುಂದೆ ತಾನೇ ನಿಂತಿರುತ್ತಿದ್ದಳು. ಈ ಮನೆಯ ನ್ಯಾಯವೆಲ್ಲ ಇಲ್ಲಿಗೇ ಬಂದು ತೀರ್ಮಾನವಾಗುತ್ತಿತ್ತು, ಎರಡು ಹೆಂಗಸರು ಒಂದೇ ಸ್ಪಂಜಿಗೆ ಕೈ ಹಾಕುವುದರಲ್ಲಿ.

"ಅತ್ತೆ, ಕೂತ್ಕೊಳ್ಳಿ" ಅಂದಳು.

ಆ ದನಿ ಎಲ್ಲಿಂದ ಬಂತೋ ಅವಳಿಗೇ ತಿಳಿಯಲಿಲ್ಲ. ಒರಟಾಗಿರಲಿಲ್ಲ, ಬೇಡಿಕೆಯೂ ಆಗಿರಲಿಲ್ಲ. ಅತ್ತೆ ಅರ್ಧ ಎದ್ದವರು ಹಾಗೇ ನಿಂತು ಅವಳ ಮುಖ ನೋಡಿದರು, ಮಗನ ಮುಖ ನೋಡಿದರು, ನಿಧಾನವಾಗಿ ಕೂತರು. ಕೂತ ಮೇಲೆ ಒಂದು ದೊಡ್ಡ ಉಸಿರು ಬಿಟ್ಟರು. ಆ ಉಸಿರಿನಲ್ಲಿ ಸ್ವಲ್ಪ ಹಗುರವಿತ್ತೋ ಏನೋ, ಅವಳಿಗೆ ಖಚಿತವಿಲ್ಲ.

ಅವನು ಕೊನೆಗೆ ಅಂಗಿಯ ತೋಳು ಮೇಲಕ್ಕೆ ಮಡಚಿದ. ಬಾಗಿಲು ದಡಾರನೆ ಹಾಕಿಕೊಂಡು ಹೋಗಲಿಲ್ಲ, ಕೂಗಾಡಲಿಲ್ಲ. ಅದೂ ಆಗಿದ್ದರೆ ಅವಳ ಸಿಟ್ಟಿಗೆ ಒಂದು ಗೋಡೆ ಸಿಗುತ್ತಿತ್ತು. ನಲ್ಲಿ ತಿರುಗಿಸಿದ, ತುಂಬ ತಿರುಗಿಸಿದ. ನೀರು ಬಾಣಲೆಗೆ ಬಡಿದು ಅಂಗಿಯ ಮೇಲೆಲ್ಲ ಹಾರಿತು. ಸ್ಪಂಜು ಎಲ್ಲಿ ಅಂತ ಕೇಳಿದ. ಅದು ಅವನ ಮೂಗಿನ ಕೆಳಗೇ ಇತ್ತು. ಅವಳು ಊಟದ ಮೇಜಿನ ಹತ್ತಿರ ಕುರ್ಚಿ ಎಳೆದುಕೊಂಡು ಕೂತಿದ್ದಳು, ಹೇಳಲಿಲ್ಲ. ಅವನೇ ಕಂಡ. ಹಿಂದಿನಿಂದ ನೋಡಿದರೆ ಅವನ ಬೆನ್ನು ಸ್ವಲ್ಪ ಬಾಗಿತ್ತು, ಕುತ್ತಿಗೆಯ ಹತ್ತಿರ ಕೂದಲು ತೆಳುವಾಗಿತ್ತು, ಮೊಣಕೈಗಳು ಎರಡೂ ಕಡೆಗೆ ಚಾಚಿಕೊಂಡಿದ್ದವು. ಬರೆಯಲು ಬಾರದ ಮಗುವಿನ ಕೈಗೆ ಪೆನ್ನು ಕೊಟ್ಟ ಹಾಗೆ. ಅವಳಿಗೆ ಪಾಪ ಅನ್ನಿಸಿತು. ಅನ್ನಿಸಿದ ಕೂಡಲೇ ಮೊದಲಿಗಿಂತ ಹೆಚ್ಚು ಸಿಟ್ಟು ಬಂತು, ಅವನ ಮೇಲಲ್ಲ, ಆ ಶಬ್ದದ ಮೇಲೆ. ಪಾಪ, ಆಫೀಸಿನಿಂದ ಬಂದಿದ್ದಾರೆ. ಪಾಪ, ವಯಸ್ಸಾದವರು. ಪಾಪ, ಅವರಿಗೆ ಬರಲ್ಲ. ಅವಳ ಕೈಗಳನ್ನು ತಿಂದದ್ದು ಸೋಪಲ್ಲ, ಸುಣ್ಣವಲ್ಲ, ಈ ಪಾಪ.

ಅವನು ಒಂದು ಲೋಟ ತೊಳೆದು ಮಗುಚಿಟ್ಟ. ಅಂಚಿನಲ್ಲಿ ಸೋಪಿನ ನೊರೆ ಹಾಗೇ ಇತ್ತು. ಇಲ್ಲಿಂದಲೇ ಕಾಣಿಸುತ್ತಿತ್ತು. ಇನ್ನೊಂದು ಸಲ ನೀರಿಗೆ ಹಿಡಿದರೆ ಮುಗಿಯಿತು, ಎದ್ದು ಹೋಗಿ ಹಿಡಿದರೆ ಮುಗಿಯಿತು, ಅಲ್ಲಿ ನಿಂತರೆ ಉಳಿದದ್ದನ್ನೂ ತಾನೇ ಮುಗಿಸಬಹುದು, ಬೇಗ, ಸದ್ದಿಲ್ಲದೆ, ಅಚ್ಚುಕಟ್ಟಾಗಿ. ಅವಳ ಕೈಗಳು ಮೇಜಿನ ಮೇಲಿಂದ ಆಗಲೇ ಎದ್ದಿದ್ದವು. ಅವಳು ಅವುಗಳನ್ನು ಕೆಳಗಿಳಿಸಿ, ತೊಡೆಗಳ ಅಡಿಗೆ ತೂರಿಸಿ, ಮೈಭಾರವನ್ನೆಲ್ಲ ಅವುಗಳ ಮೇಲೆ ಹಾಕಿ ಕೂತಳು. ಉರಿಯಿತು. ಅವನು ಎರಡನೆಯ ಲೋಟ ಎತ್ತಿಕೊಂಡ. ಅವಳು ಕೂತೇ ಇದ್ದಳು.